ಗಣಿತದ ನೋಟ್‌ಬುಕ್ಕಿನ ಬೈಂಡು

ಸರ್ರ್... ಎಂದು ಟೇಪು ಎಳೆದ ಸದ್ದಿಗೆ ಚುಕ್ಕಿಗೆ ಎಚ್ಚರವಾಯಿತು. ನಡುರಾತ್ರಿ. ಸೆಕೆಂಡ್ ಶಿಫ್ಟ್ ಮುಗಿಸಿ ಬಂದಿದ್ದ ಅಪ್ಪ, ಅವಳ ನಿದ್ದೆ ಕೆಡಬಾರದೆಂದು ದೀಪವನ್ನೂ ಹಾಕದೆ, ಅವಳ ನೋಟ್‌ಬುಕ್ಕುಗಳಿಗೆ ಬೈಂಡ್ ಹಾಕುತ್ತಿದ್ದರು.

ಅಪ್ಪನಿಗೆ ರಟ್ಟಿನ ಡಬ್ಬಗಳನ್ನು ಪ್ರಿಂಟ್ ಮಾಡುವ ಪ್ರೆಸ್ಸಿನಲ್ಲಿ ಕೆಲಸ. ಅಲ್ಲಿನ ರದ್ದಿ ಹಾಳೆಗಳೇ ಪ್ರತಿವರ್ಷ ಅವಳ ಬೈಂಡು. ಚಿತ್ರ ಒಳಗೆ, ಬಿಳಿ ಹೊರಗೆ.

"ಪ್ರೆಸ್ಸಲ್ಲಿ ಕೇಳಿ ತಂದ್ರಾ ಅಪ್ಪಾ?"

"ಹ್ಞೂಂ, ಬಿಸ್ಕತ್ತು, ಸೋಪಿನ ಡಬ್ಬದ ಹಾಳೆ ತಾನೆ? ಇದಕ್ಕೆ ಏನೂ ಅನ್ನಲ್ಲ. ಆದ್ರೆ ಈಗೇನೋ ಗುಟ್ಟಿನ ಕೆಲಸ ಬಂದಿದೆ. ಅದರದ್ದೊಂದು ಚೂರು ಹೊರಗೆ ಬಂದ್ರೂ ಕೆಲಸದಿಂದ ತೆಗೀತಾರಂತೆ. ಗೇಟಲ್ಲಿ ಫೋನೂ ಇಸ್ಕೋತಾರೆ. ಮಲ್ಕೋ ಮರಿ."

ಹೊಸ ಸ್ಕೂಲಿಗೆ ಸೇರಿ ಎರಡು ವಾರವಾಗಿತ್ತು. ಕ್ಲಾಸಿನಲ್ಲಿ ಎಲ್ಲರಿಗೂ ಅವಳು 'ನ್ಯೂ ಅಡ್ಮಿಷನ್'. ಕೊನೆಯ ಬೆಂಚಿನಲ್ಲಿ ಅವಳು, ಪಕ್ಕದಲ್ಲಿ ಅವಳ ಬ್ಯಾಗು.

ಮರುದಿನ ಮುಂದಿನ ಬೆಂಚಿನ ಸುತ್ತ ದೊಡ್ಡ ಗುಂಪು. ಹೊಸ ಗೇಮ್ ಕನ್ಸೋಲ್ ಬರುತ್ತದಂತೆ!

"ಕಪ್ಪು ಕಲರ್ ಅಂತೆ ಕಣೋ."

"ಟಿವೀನೇ ಬೇಡ್ವಂತೆ, ಗೋಡೆ ಮೇಲೇ ಆಡಬಹುದಂತೆ. ನಮ್ಮ ಮಾವನ ಫ್ರೆಂಡ್ ಹೇಳಿದ್ರು."

"ಹೋದ್ಸಲ ಪರೀಕ್ಷೆ ಕ್ಯಾನ್ಸಲ್ ಅಂದಿದ್ದೂ ಅವರೇ ತಾನೆ?" ಕ್ಲಾಸ್ ಲೀಡರ್ ಹುಡುಗಿ ಛೇಡಿಸಿದಳು.

ಚುಕ್ಕಿ ಗಣಿತದ ನೋಟ್‌ಬುಕ್ಕಿನ ಬೈಂಡನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದಳು. ಟೇಪು ಬಿಟ್ಟುಕೊಂಡಿತು. ಒಳಗೆ ಬಿಸ್ಕತ್ತಿರಲಿಲ್ಲ. ತಟ್ಟೆಯಂತೆ ದುಂಡಗಿನ, ಹಸಿರು ಗೇಮ್ ಕನ್ಸೋಲಿನ ಚಿತ್ರ! ರದ್ದಿಯಲ್ಲಿ ತಪ್ಪಿ ಸೇರಿಕೊಂಡ ಗುಟ್ಟಿನ ಕೆಲಸದ ಹಾಳೆ. ಕತ್ತಲಲ್ಲಿ ಅಪ್ಪ ನೋಡಿಯೇ ಇಲ್ಲ.

"ಅದು ಹಸಿರು. ದುಂಡಗಿದೆ." ಮಾತು ಜಾರಿಬಿಟ್ಟಿತು.

ಎಲ್ಲರೂ ತಿರುಗಿದರು. ಲೀಡರ್ ಸರಿದು ಜಾಗ ಮಾಡಿ ಬೆಂಚು ತಟ್ಟಿದಳು. "ನಿಂಗೆ ಹೆಂಗೆ ಗೊತ್ತು? ಬಾ, ಇಲ್ಲಿ ಕೂತ್ಕೋ. ಪ್ರೂಫ್ ಇದ್ಯಾ? ಅಂದ ಹಾಗೆ, ನಿನ್ನ ಹೆಸರೇನು?"

ಇಷ್ಟು ದಿನದಲ್ಲಿ ಯಾರಾದರೂ ಹೆಸರು ಕೇಳಿದ್ದು ಇದೇ ಮೊದಲು. ಹಾಳೆ ತೋರಿಸಿದರೆ ಸಾಕು. ಆದರೆ ಸಂಜೆಯೊಳಗೆ ಅದರ ಫೋಟೊ ಎಲ್ಲರ ಫೋನಿನಲ್ಲೂ ಇರುತ್ತದೆ. ಆಮೇಲೆ ಅಪ್ಪ?

ಅವಳು ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು. "ಇಲ್ಲ... ಸುಮ್ನೆ ಹೇಳ್ದೆ."

"ಥೂ, ಬರೀ ಬುರುಡೆ!" ಬೆಂಚಿನ ಜಾಗ ಮತ್ತೆ ತುಂಬಿತು.

ಸಂಜೆ ಮನೆಯಲ್ಲಿ ಯಾರೂ ಇರಲಿಲ್ಲ. ಹಾಳೆಯನ್ನು ಚೂರುಚೂರು ಮಾಡಿ, ಬಕೆಟ್ಟಿನಲ್ಲಿ ನೆನೆಸಿ, ಕಿವುಚಿ ಮುದ್ದೆ ಮಾಡಿ ಕಸಕ್ಕೆ ಹಾಕಿದಳು. ಉಳಿದ ಬೈಂಡುಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿದಳು. ಸೋಪು. ಬಿಸ್ಕತ್ತು. ಮತ್ತೆ ಸೋಪು.

ಬೆಳಿಗ್ಗೆ ಅಪ್ಪ ಕೇಳಿದರು, "ಗಣಿತದ ಬೈಂಡ್ ಎಲ್ಲೇ?"

"ನೀರು ಬಿತ್ತು ಅಪ್ಪಾ."

"ಹೋಗ್ಲಿ ಬಿಡು, ಇವತ್ತು ಇನ್ನೊಂದು ಹಾಳೆ ತರ್ತೀನಿ."

"ಬೇಡಾ!" ಅವಳ ದನಿ ತುಸು ಜೋರಾಯಿತು. "ನ್ಯೂಸ್‌ಪೇಪರ್ ಹಾಕ್ಕೋತೀನಿ."

"ಸರಿ ಮಹಾರಾಣಿ. ಫ್ರೆಂಡ್ಸ್ ಆದ್ರಾ ಯಾರಾದ್ರೂ?"

ಅಪ್ಪ ಏನೋ ಗುನುಗುತ್ತ ಅವಳ ಜಡೆ ಹೆಣೆಯುತ್ತಿದ್ದರು. ನಡೆದದ್ದೆಲ್ಲ ಅವಳ ನಾಲಿಗೆಯ ತುದಿಗೆ ಬಂತು. ಹೇಳಿದರೆ ಈ ಗುನುಗು ನಿಂತುಹೋಗುತ್ತದೆ. ಆಮೇಲೆ ಎಷ್ಟು ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲವೋ.

"ಆಗ್ತಾರೆ ಅಪ್ಪಾ," ಎಂದಳು.

ಯಾರಿಗೂ ಹೇಳುವುದಿಲ್ಲ. ಅಪ್ಪನಿಗೂ.