ಒಣಗಿದ ಮುಚ್ಚಳ

ಬೆಳಗಿನ ಪೂಜೆಯ ಗಂಟೆ ಆಗಷ್ಟೇ ನಿಂತಿತ್ತು. ವೆನಿಸ್‌ನ ಹಿನ್ನೀರಿನಲ್ಲಿ ನೌಕಾಪಡೆಯ ಜಲವಿಮಾನ, ಗುಂಡೇಟು ತಿಂದ ಬಾತುಕೋಳಿಯ ಹಾಗೆ ಒಂದು ರೆಕ್ಕೆ ಮುಳುಗಿಸಿ ವಾಲಿಕೊಂಡಿತ್ತು. ಮೊದಲ ಮಹಾಯುದ್ಧಕ್ಕೆ ಮುಂಚಿನ ಬೇಸಿಗೆ ಅದು. ಪ್ರಯೋಗಕ್ಕೆಂದು ಕಟ್ಟಿದ ವಿಮಾನ ಇನ್ನೂ ಒಮ್ಮೆಯೂ ಹಾರಿರಲಿಲ್ಲ.

ದಡಕ್ಕೆ ಎಳೆದು ನೋಡಿದರೆ ಎಡಗಡೆಯ ತೇಲುಪೆಟ್ಟಿಗೆಯ ತುಂಬ ನೀರು. ಯಾರ ಕೆಲಸ?

"ಇನ್ಯಾರು? ಆ ತ್ರಿಯೆಸ್ತೆಯವನೇ!" ದೋಣಿ ಕಟ್ಟುವ ಮುದುಕ ಬೊರ್ತೊಲೊ, ವಿಮಾನದ ಮೆಕ್ಯಾನಿಕ್ ಎಜಿದಿಯೊನ ಕಾಲ ಬುಡಕ್ಕೆ ಉಗುಳಿದ. "ನಮ್ಮ ಹಗೆ ಆಸ್ಟ್ರಿಯಾದವರ ಊರಲ್ಲಿ ಅವರ ಅನ್ನ ತಿಂದು ಬೆಳೆದೋನು!"

ಆ ಪೆಟ್ಟಿಗೆಯ ಮುಚ್ಚಳ ಬಿಚ್ಚುವ ಪಾನಾ ಎಜಿದಿಯೊನ ಚೀಲದಲ್ಲಿತ್ತು. ಅಷ್ಟು ಸಾಕಾಗಿತ್ತು—ಕೈಗೆ ಬೇಡಿ ಬಿದ್ದಿತ್ತು. ಮಧ್ಯಾಹ್ನದ ಹಡಗಿಗೆ ಅವನನ್ನು ಸೈನಿಕ ನ್ಯಾಯಾಲಯಕ್ಕೆ ಒಯ್ಯುವವರಿದ್ದರು. ದ್ರೋಹ ರುಜುವಾತಾದರೆ ಬದುಕಿಡೀ ಸೆರೆ.

ಪೊಲೀಸ್ ಅಧಿಕಾರಿ ದಾಲ್ಪೊಂತೆ ಶಿಲುಬೆಯ ಗುರುತು ಹಾಕಿಕೊಂಡೇ ಕೆಲಸಕ್ಕೆ ಇಳಿಯುವ ಮನುಷ್ಯ. ಬಲಗಡೆಯ ಪೆಟ್ಟಿಗೆಯ ಮುಚ್ಚಳದ ಅಂಚು ಸವರಿದರು. ಬೆರಳಿಗೆ ಕೊಬ್ಬು ಅಂಟಿತು. ಎಡಗಡೆಯದನ್ನು ಸವರಿದರು, ಬರೀ ಒದ್ದೆ.

"ನೀರು ನುಗ್ಗದ ಹಾಗೆ ಬಳಿಯೋ ಕೊಬ್ಬು ಇಲ್ಲಿ ಯಾಕಿಲ್ಲ?"

"ನಿನ್ನೆ ಸಂಜೆ ಎರಡಕ್ಕೂ ನಾನೇ ಬಳಿದಿದ್ದೆ, ಧಣಿ," ಎಂದ ಎಜಿದಿಯೊ.

"ಬೇಗ ಮುಗಿಸಿ," ಎಂದರು ವಿಮಾನ ಹಾರಿಸಬೇಕಿದ್ದ ಲೆಫ್ಟಿನೆಂಟ್ ಸೊರಾತೊ. ಉರಿಸೆಕೆ, ಆದರೂ ಅವರ ಕೊರಳ ಗುಂಡಿ ಬಿಗಿದೇ ಇತ್ತು.

"ಬೊರ್ತೊಲೊ, ಹೊಸ ದೋಣಿ ನೀರಿಗಿಳಿಸೋ ಮುಂಚೆ ಅದರೊಳಗೆ ನೀವು ದೋಣಿ ಕಟ್ಟೋರು ಏನಿಡ್ತೀರಿ?" ಎಂದು ದಾಲ್ಪೊಂತೆ ಕೇಳಿದರು.

"ಮುಳುಗದಿರ್ಲಿ ಅಂತ ಹಾಯಿಕಂಬದ ಬುಡಕ್ಕೆ ಮರಿಯಮ್ಮನ ಪದಕ. ಇದಕ್ಕೂ ಒಂದು ಇಡೋಣ ಅಂದೆ. 'ಇದು ಯಂತ್ರ, ಮುದುಕೀರ ತಾಯಿತ ಬೇಡ' ಅಂತ ಈ ಲೆಫ್ಟಿನೆಂಟ್ ಸಾಹೇಬ್ರು ಎಲ್ಲರ ಮುಂದೆ ನಕ್ಕುಬಿಟ್ರು."

"ಅದಕ್ಕೆ ಕದ್ದು ನೀನೇ ಇಟ್ಯಾ?"

"ನಾನಾಗಿದ್ರೆ ಕೊಬ್ಬು ಬಳೀದೆ ಮುಚ್ತಿದ್ನಾ? ನಾನೇನು ನೀರೇ ಕಾಣದೆ ಗುಡ್ಡದ ಮೇಲೆ ಹುಟ್ಟಿದೋನಾ?"

ದಾಲ್ಪೊಂತೆ ಮುಚ್ಚಳ ಬಿಚ್ಚಿಸಿದರು. ಭುಜದವರೆಗೂ ಕೈ ಇಳಿಸಿ ತಡಕಾಡಿದರು. ಹೊರಬಂದ ಅಂಗೈಯಲ್ಲಿ ಸರದ ಸಮೇತ ಬೆಳ್ಳಿಯ ಪದಕ!

"ಕೆಡಿಸೋಕೆ ಬಂದೋನು ತಿರುಪುಗಳನ್ನೆಲ್ಲ ಮತ್ತೆ ಇಷ್ಟು ಶ್ರದ್ಧೆಯಿಂದ ಬಿಗಿಸ್ತಾನಾ? ಇದನ್ನ ಇಟ್ಟೋನು ಕಾಪಾಡೋಕೆ ಬಂದೋನು. ಸಂಪ್ರದಾಯ ಗೊತ್ತು, ಕಸುಬು ಗೊತ್ತಿಲ್ಲ. ತೋಳಿಗೆ ಜಿಡ್ಡು ಮೆತ್ತುತ್ತೆ ಅಂತ ಕೊಬ್ಬು ಒರೆಸಿದ; ಮತ್ತೆ ಬಳಿಯಲಿಲ್ಲ." ಅವರು ತಿರುಗಿದರು. "ಲೆಫ್ಟಿನೆಂಟ್ ಸಾಹೇಬ್ರೇ, ಆ ಗುಂಡಿ ಸ್ವಲ್ಪ ಬಿಚ್ತೀರಾ?"

ಸೊರಾತೊ ಬಿಚ್ಚಿದರು. ಬಿಸಿಲಿಗೆ ಕಂದಿದ ಕೊರಳ ಸುತ್ತ ಸರ ಇದ್ದ ಜಾಗ ಮಾತ್ರ ತೆಳ್ಳಗೆ ಬೆಳ್ಳಗಿತ್ತು.

"ಅಮ್ಮ ಕೊಟ್ಟಿದ್ದು... ಹಾರೋಕೆ ಭಯ ಆಯ್ತು. ರಾತ್ರಿ ಇವನ ಚೀಲದಿಂದ ಪಾನಾ ತೆಗೆದು ಬಿಚ್ಚಿದೆ, ಆಮೇಲೆ ಅಲ್ಲೇ ಇಟ್ಟೆ. ಹೇಳಿದ್ರೆ ಇವರೆಲ್ಲ ನಗ್ತಿದ್ರು."

"ಅದಕ್ಕೆ ಇವನು ಜೈಲಿಗೆ ಹೋಗ್ಲಿ ಅಂತ ಸುಮ್ಮನಿದ್ರಾ?"

ದೇವರಿಗೆ ಕೈಮುಗಿಯಲು ನಾಚಿದ್ದ ಸೊರಾತೊ ಈಗ ಮನುಷ್ಯರ ಮುಂದೆ ತಲೆ ಎತ್ತಲಾರದೆ ನಿಂತಿದ್ದರು.

ಬೇಡಿ ಕಳಚಿತು. ಎಜಿದಿಯೊ ಮಣಿಕಟ್ಟು ತಿಕ್ಕಿಕೊಂಡ. ಪದಕವನ್ನು ತೆಗೆದುಕೊಂಡು ತನ್ನ ಅಂಗಿಗೆ ಒರೆಸಿ ಲೆಫ್ಟಿನೆಂಟರ ಕೈಗಿಟ್ಟ.

"ಪೆಟ್ಟಿಗೆ ಒಣಗ್ಲಿ, ಸಾಹೇಬ್ರೇ. ಆಮೇಲೆ ನೀವೇ ಇಡಿ. ಕೊಬ್ಬು ನಾನು ಬಳೀತೀನಿ."

ಯಾರೂ ನಗಲಿಲ್ಲ. ಬೊರ್ತೊಲೊ ಮಾತ್ರ, ತಾನು ಉಗುಳಿದ ಜಾಗವನ್ನು ಯಾರಿಗೂ ಕಾಣದ ಹಾಗೆ ಕಾಲಿನಿಂದ ಒರೆಸುತ್ತಲೇ ಇದ್ದ.