ಅಪ್ಪನ ಸೋಮವಾರ

ಭಾಗ್ಯಶ್ರೀ ಮತ್ತೊಮ್ಮೆ ಕೂಗಿದಳು. ಗಿರಣಿಯ ಗಡಗಡ ಸದ್ದಿನಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಇನ್ನು ಒಳಗೆ ಜೋಳ ಸುರಿಯುತ್ತ ನಿಂತಿದ್ದ ಅಪ್ಪನಿಗೆ ಹೇಗೆ ಕೇಳಬೇಕು? ಕಡೆಗೆ ಸೈಕಲ್ಲನ್ನು ಬಾಗಿಲವರೆಗೆ ತಳ್ಳಿಕೊಂಡು ಹೋಗಿ ಟ್ರಿಣ್ ಟ್ರಿಣ್ ಎಂದು ಬೆಲ್ ಬಾರಿಸಿದಳು.

ಅಪ್ಪ ತಿರುಗಿದ. ತಲೆ, ಹುಬ್ಬು, ಮೀಸೆ ಎಲ್ಲದರ ಮೇಲೂ ಹಿಟ್ಟು ಕೂತು ಥೇಟ್ ಅಜ್ಜನ ಹಾಗೆ ಕಾಣುತ್ತಿದ್ದ. ಸಾಲಾಗಿ ಇಟ್ಟಿದ್ದ ಡಬ್ಬಿಗಳನ್ನೂ ಚೀಲಗಳನ್ನೂ ಕೈಯಲ್ಲೇ ತೋರಿಸಿದ. ಆಮೇಲೆ ಬಾಗಿಲಿಗೆ ಬಂದು ಅವಳ ಕಿವಿಯ ಹತ್ತಿರ ಬಗ್ಗಿದ.

"ಬರೂ ರವಿವಾರ, ಯವ್ವಾ. ಖರೇನ."

ಈ 'ಖರೇನ' ಎಂಬ ಮಾತನ್ನು ಭಾಗ್ಯಶ್ರೀ ಯುಗಾದಿಯಿಂದ ಕೇಳುತ್ತ ಬಂದಿದ್ದಳು. ಸೈಕಲ್ಲು ಬಂದದ್ದೂ ಯುಗಾದಿಗೇ. ದೊಡ್ಡವ್ವನ ಮಗ ಬಿಟ್ಟ ಹಳೆಯ ಸೈಕಲ್ಲು ಅದು. ಅದಕ್ಕೆ ನೀಲಿ ಬಣ್ಣ ಬಳಿದುಕೊಟ್ಟವನು ಅಪ್ಪನೇ. ಉಣಕಲ್ ಕೆರೆಯ ದಂಡೆಗೆ ಕರೆದುಕೊಂಡು ಹೋಗುತ್ತೇನೆ, ನೀನು ಕಲಿಯುವ ತನಕ ಹಿಂದೆ ಹಿಡಿದುಕೊಂಡೇ ಇರುತ್ತೇನೆ ಎಂದು ಮಾತು ಕೊಟ್ಟವನೂ ಅಪ್ಪನೇ. ಅವ್ವ ಒಮ್ಮೆ ಹಿಡಿಯಲು ಬಂದಿದ್ದಳು. ಭಾಗ್ಯಶ್ರೀ ಹತ್ತಲಿಲ್ಲ. ಅವಳಿಗೆ ಹಿಂದೆ ಅಪ್ಪನೇ ಬೇಕು.

ಆದರೆ ಗಿರಣಿಗೆ ರವಿವಾರವೇ ಗದ್ದಲ ಜಾಸ್ತಿ. ಆಫೀಸಿಗೆ ಹೋಗುವವರಿಗೆಲ್ಲ ಅವತ್ತೇ ಬಿಡುವು. ಬಿಡುವಾದವರೆಲ್ಲ ಜೋಳದ ಚೀಲ ಹಿಡಿದು ಬಂದರೆ ಅಪ್ಪನಿಗೆಲ್ಲಿಯ ಬಿಡುವು? ಬೆಳಿಗ್ಗೆ ಭಾಗ್ಯಶ್ರೀ ಏಳುವ ಮೊದಲೇ ಎತ್ತಿದ ಶಟರ್, ಅವಳು ಉಂಡು ಮಲಗುವ ಹೊತ್ತಿಗೆ ಇಳಿಯುತ್ತಿತ್ತು. ವಾರದ ಅಷ್ಟೂ ದಿನ ಹೀಗೆಯೇ. ಗಿರಣಿ ಮನೆಗೆ ಅಂಟಿಕೊಂಡೇ ಇತ್ತು. ಆದರೂ ಅಪ್ಪ ಮನೆಯಲ್ಲಿದ್ದಾನೆ ಎಂದು ಅವಳಿಗೆ ಅನಿಸುತ್ತಿರಲಿಲ್ಲ.

ಮರುದಿನ ಶಾಲೆಗೆ ಸ್ಥಳೀಯ ರಜೆ ಇತ್ತು. ಅವ್ವ ಅವಳನ್ನು ಕರೆದುಕೊಂಡು ಅಪ್ಪನ ಊರು ಗರಗಕ್ಕೆ ಹೋದಳು. ಅಪ್ಪನ ಅಪ್ಪ ಮಹಾಂತಯ್ಯಜ್ಜ, ಕಾಕಾ, ಕಾಕು ಎಲ್ಲರೂ ಇರುವುದು ಅಲ್ಲಿಯೇ. ಅವರ ಜೊತೆ ಹಂಡ್ಯಾ, ಬಿಳಿಯ ಎಂಬ ಎರಡು ಎತ್ತುಗಳೂ ಇದ್ದವು.

ಹೊಲಕ್ಕೆ ಚಕ್ಕಡಿಯಲ್ಲಿ ಹೋಗೋಣ ಎಂದು ಭಾಗ್ಯಶ್ರೀ ಹಟ ಹಿಡಿದಳು. ಅಜ್ಜ ಒಲ್ಲೆ ಎಂದ. ಮೊಮ್ಮಗಳು ಕೇಳಿದ್ದಕ್ಕೆಲ್ಲ ಹೂಂ ಅನ್ನುವ ಅಜ್ಜ ಇವತ್ತೇ ಹೀಗೆ ಅಂದರೆ ಸಿಟ್ಟು ಬಾರದೆ ಇರುತ್ತದೆಯೇ? ಅವಳು ಮುಖ ಊದಿಸಿಕೊಂಡಳು.

"ಇವತ್ತ ಸೋಮವಾರ, ಯವ್ವಾ," ಎಂದ ಅಜ್ಜ. "ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗ ಇಡೂದಿಲ್ಲ."

ಮಳೆ ಬಿದ್ದು ಹೊಲ ಬಿತ್ತನೆಗೆ ಹದವಾಗಿತ್ತು. ಪಕ್ಕದ ಹೊಲದಲ್ಲಿ ದುರಗಪ್ಪನ ಟ್ರ್ಯಾಕ್ಟರ್ ಓಡಾಡುತ್ತಿತ್ತು. ನಾಳೆ ಮತ್ತೆ ಮಳೆ ಹಿಡಿದರೆ ಏನು ಗತಿ ಎಂದು ಕಾಕಾ ಬೆಳಿಗ್ಗೆಯಿಂದ ಗೊಣಗುತ್ತಿದ್ದ. ಇಷ್ಟು ಅವಸರ ಇದ್ದರೂ ಹೂಡುವುದಿಲ್ಲವೇ ಎಂದು ಅವಳು ಕೇಳಿದಳು. ಇಷ್ಟು ಅವಸರ ಇದ್ದರೂ ಹೂಡುವುದಿಲ್ಲ ಎಂದ ಅಜ್ಜ.

ಎತ್ತುಗಳೆರಡೂ ಬೇವಿನ ಗಿಡದ ಕೆಳಗೆ ಕಾಲು ಮಡಚಿ ಮಲಗಿದ್ದವು. ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿದ್ದವು. ಚಕ್ಕಡಿ ಇಲ್ಲದಿದ್ದರೆ ಹೋಗಲಿ, ಹಂಡ್ಯಾನನ್ನು ಹಗ್ಗ ಹಿಡಿದು ಅಂಗಳದಲ್ಲಾದರೂ ಸುತ್ತಾಡಿಸೋಣ ಎಂದು ಭಾಗ್ಯಶ್ರೀ ಹತ್ತಿರ ಹೋದಳು. ಅಜ್ಜ ಅವಳ ಕೈ ಹಿಡಿದುಕೊಂಡ.

"ಎಬ್ಬಿಸಬ್ಯಾಡ. ಆರು ದಿನ ಅವು ನಮ್ಮವು. ಇವತ್ತೊಂದಿನ ನಮ್ಮವಲ್ಲ."

ಭಾಗ್ಯಶ್ರೀ ಸ್ವಲ್ಪ ಹೊತ್ತು ಎತ್ತುಗಳನ್ನೇ ನೋಡುತ್ತ ನಿಂತಳು.

"ಹಂಗಾರ ಅಪ್ಪನ ಸೋಮವಾರ ಯಾವಾಗ, ಅಜ್ಜಾ?"

ಬಿಳಿಯನ ಬೆನ್ನು ಸವರುತ್ತಿದ್ದ ಅಜ್ಜನ ಕೈ ಅಲ್ಲೇ ನಿಂತಿತು. "ಅದನ್ನ ನಿಮ್ಮಪ್ಪಗ ಕೇಳು, ಯವ್ವಾ," ಎಂದ.

ಮನೆಗೆ ಮರಳಿದ ಮೇಲೆ, ಅಪ್ಪ ನಿಂತುಕೊಂಡೇ ಚಹಾ ಕುಡಿಯುವಾಗ, ಭಾಗ್ಯಶ್ರೀ ಅದೇ ಪ್ರಶ್ನೆಯನ್ನು ಅವನಿಗೂ ಕೇಳಿದಳು. ಅಪ್ಪ ನಕ್ಕುಬಿಟ್ಟ. ಎತ್ತು ಒಂದು ದಿನ ನಿಂತರೆ ಹೊಲ ಎಲ್ಲೂ ಓಡಿಹೋಗುವುದಿಲ್ಲ, ಗಿರಣಿ ನಿಂತರೆ ಗಿರಾಕಿಗಳು ಕೆರೆಯಾಚೆಯ ಗಿರಣಿಗೆ ಹೋಗುತ್ತಾರೆ, ಒಮ್ಮೆ ಆ ದಾರಿ ಹಿಡಿದವರು ಮತ್ತೆ ಈ ಕಡೆ ಬರುವುದಿಲ್ಲ ಎಂದು ಹೇಳಿದ. ಹೇಳುತ್ತಲೇ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇನ್ನೊಂದು ಚೀಲ ಎಳೆದುಕೊಂಡ.

ಅಪ್ಪನಿಗೆ ಹೇಳಿ ಉಪಯೋಗವಿಲ್ಲ, ತಾನೇ ಏನಾದರೂ ಮಾಡಬೇಕು ಎಂದು ಭಾಗ್ಯಶ್ರೀಗೆ ಅನಿಸಿತು. ಒಂದು ರಟ್ಟು ಹುಡುಕಿದಳು. ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಇಂದು ಸೋಮವಾರ, ಗಿರಣಿಗೆ ರಜೆ' ಎಂದು ದೊಡ್ಡದಾಗಿ ಬರೆದಳು. ಕೆಳಗೆ ಹಂಡ್ಯಾನ ಚಿತ್ರ ಬರೆದಳು. ಎತ್ತು ಸ್ವಲ್ಪ ನಾಯಿಯ ಹಾಗೆ ಬಂತು. ಕೋಡು ಇದ್ದದ್ದರಿಂದ ಹೇಗೋ ಬಚಾವಾಯಿತು. ಮುಂದಿನ ಸೋಮವಾರ ಶಾಲೆಗೆ ಹೋಗುವಾಗ ಆ ರಟ್ಟನ್ನು ಓಣಿಯ ಮೂಲೆಯ ಲೈಟಿನ ಕಂಬಕ್ಕೆ ಕಟ್ಟಿದಳು. ಗಿರಣಿಗೆ ಬರುವವರೆಲ್ಲ ತಿರುಗುವುದು ಅಲ್ಲಿಯೇ. ಗಿರಣಿಯೊಳಗೆ ನಿಂತ ಅಪ್ಪನಿಗೆ ಮಾತ್ರ ಅದು ಕಾಣುವುದಿಲ್ಲ.

ಸಂಜೆ ಬಂದಾಗ ಓಣಿ ಗಪ್‌ಚುಪ್ ಇತ್ತು. ಗಿರಣಿಯ ಸದ್ದೇ ಇಲ್ಲ. ಭಾಗ್ಯಶ್ರೀ ಹಿಗ್ಗಿದಳು. ಅಪ್ಪ ಆರಾಮಾಗಿ ಕಾಲು ಚಾಚಿ ಕೂತಿರುತ್ತಾನೆ, ಸೈಕಲ್ ತೆಗೆದರೆ ಆಯಿತು!

ಅಪ್ಪ ಕೂತಿದ್ದ, ನಿಜ. ಆದರೆ ಗಿರಣಿಯ ಸ್ಟೂಲಿನ ಮೇಲೆ ಓಣಿಯ ಕಡೆಗೇ ಕಣ್ಣು ನೆಟ್ಟು ಕೂತಿದ್ದ. ಬೆಳಿಗ್ಗೆಯಿಂದ ಯಾಕೆ ಒಬ್ಬರೂ ಬರಲಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸಿದ್ದ, ಸರಿಯಾಗಿದ್ದ ಮೋಟರನ್ನೇ ಬಿಚ್ಚಿ ನೋಡಿದ್ದ. ಮಧ್ಯಾಹ್ನದ ಊಟವೂ ಅವನಿಗೆ ಸೇರಿರಲಿಲ್ಲ. ದುಡಿದ ದಿನ ಕೂಡ ಅಪ್ಪನ ಮುಖ ಇಷ್ಟು ಸೋತದ್ದನ್ನು ಭಾಗ್ಯಶ್ರೀ ನೋಡಿರಲಿಲ್ಲ.

ಅಷ್ಟರಲ್ಲಿ ಬೀರವ್ವಾಯಿ ಬಂದಳು. ಅವಳು ರೊಟ್ಟಿ ಬಡಿದು ಖಾನಾವಳಿಗೆ ಕೊಡುವ ಮುದುಕಿ. ತಲೆಯ ಮೇಲಿನ ಬುಟ್ಟಿಯನ್ನು ಗಿರಣಿಯ ಕಟ್ಟೆಗೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬುಟ್ಟಿಯ ತುಂಬ ರೊಟ್ಟಿ ಹಾಗೇ ಇದ್ದವು.

ಬೆಳಿಗ್ಗೆ ಅವಳು ಜೋಳದ ಚೀಲ ಹೊತ್ತು ಬಂದಿದ್ದಳಂತೆ. ಕಂಬಕ್ಕೆ ಕಟ್ಟಿದ್ದನ್ನು ಯಾರೋ ಓದಿ ಹೇಳಿದರಂತೆ. ಬಿಸಿಲಲ್ಲಿ ಕೆರೆ ಸುತ್ತಿಕೊಂಡು ಆಚೆಯ ಗಿರಣಿಗೆ ಹೋಗಿ, ಬಂದು, ಹಿಟ್ಟು ನಾದಿ ರೊಟ್ಟಿ ಬಡಿಯುವಷ್ಟರಲ್ಲಿ ಖಾನಾವಳಿಯ ಊಟದ ಹೊತ್ತೇ ಮುಗಿದಿತ್ತು. ಅವರು ರೊಟ್ಟಿ ತೆಗೆದುಕೊಳ್ಳಲಿಲ್ಲ.

"ರಜಾ ಅಂತ ಯಾರು ಬರದಾರ?" ಎಂದು ಅಪ್ಪ ಎದ್ದು ನಿಂತ.

ಬಾಗಿಲ ಹಿಂದೆ ನಿಂತಿದ್ದ ಭಾಗ್ಯಶ್ರೀಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಬುಟ್ಟಿಯ ರೊಟ್ಟಿಗಳನ್ನು ನೋಡಿದ ಮೇಲೆ ಬಚ್ಚಿಟ್ಟುಕೊಂಡಿರಲು ಆಗಲಿಲ್ಲ.

"ನಾ ಬರದೇನಿ, ಅಪ್ಪಾ. ಆಯಿ, ತಪ್ಪಾತು."

ಅಪ್ಪ ಕಂಬದ ಹತ್ತಿರ ಹೋಗಿ ರಟ್ಟು ಬಿಚ್ಚಿಕೊಂಡು ಬಂದ. ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದೇನ ಇದು, ಕೆಳಗಿಂದು?"

"ಹಂಡ್ಯಾ. ಅದಕ್ಕೂ ಸೋಮವಾರ ಐತಿ. ನಿನಗಷ್ಟ ಇಲ್ಲ."

ಹೇಳುತ್ತಲೇ ಅಳು ಬಂದುಬಿಟ್ಟಿತು. ಬೈಗುಳ ಬೀಳುತ್ತದೆ ಎಂದು ಕಾದಳು, ಬೀಳಲಿಲ್ಲ. ಅಪ್ಪ ರಟ್ಟನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಸ್ಟೂಲಿನ ಮೇಲೆ ಕೂತ. ಬೀರವ್ವಾಯಿ ಮಗುವಿನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು. ಆಮೇಲೆ ಮೆತ್ತಗೆ ಹೇಳಿದಳು.

"ಮೊದಲ ಒಂದ ಮಾತ ಹೇಳಿದ್ರ ನಾ ರವಿವಾರನ ಬೀಸಿಸಿಕೊಂಡ ಹೋಗ್ತಿದ್ನಿ, ರಾಜಣ್ಣ. ಮನ್ಯಾಗಿನ ಜ್ವಾಳ ಎಲ್ಲಿ ಓಡಿ ಹೋಗ್ತೈತಿ?"

ಅಪ್ಪ ಅಷ್ಟೂ ರೊಟ್ಟಿ ತಾನೇ ಕೊಂಡುಕೊಂಡ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಓಣಿಯ ಮನೆಗಳಿಗೆ ಕೊಟ್ಟು ಬರುವ ಕೆಲಸ ಭಾಗ್ಯಶ್ರೀಯ ಪಾಲಿಗೆ ಬಂತು. ಪ್ರತಿ ಮನೆಯಲ್ಲೂ ಆ ಬೋರ್ಡು ತನ್ನದೆಂದು ಹೇಳಬೇಕಾಯಿತು. ಹೇಳುವಾಗ ಕಿವಿ ಬಿಸಿಯಾಗುತ್ತಿತ್ತು. ಆದರೂ ಬಿಡದೆ ಇನ್ನೊಂದು ಮಾತನ್ನೂ ಕೇಳಿದಳು. "ಸೋಮವಾರ ಗಿರಣಿ ಇರದಿದ್ರ ನಡೀತೈತೇನ್ರಿ?"

ಅಖ್ತರಬೇಗಂ ಚಾಚಿ ಅದಕ್ಕೇನು, ಶನಿವಾರವೇ ಕಳಿಸುತ್ತೇನೆ ಅಂದಳು. ಮೂಲೆ ಮನೆಯ ಪ್ರತಾಪ ಅಣ್ಣ ಮಾತ್ರ, ತನಗೆ ಸೋಮವಾರವೇ ಅನುಕೂಲ, ಹಾಗಾದರೆ ಕೆರೆಯಾಚೆ ಹೋಗುತ್ತೇನೆ ಎಂದುಬಿಟ್ಟ. ಭಾಗ್ಯಶ್ರೀ ಅದನ್ನೂ ಮುಚ್ಚಿಡದೆ ಅಪ್ಪನಿಗೆ ಹೇಳಿದಳು.

ಅಪ್ಪ ರೊಟ್ಟಿ ಮುರಿಯುತ್ತಿದ್ದವನು ಕೈ ನಿಲ್ಲಿಸಿದ.

"ನಾ ಸಣ್ಣಾಂವ ಇದ್ದಾಗ ಸೋಮವಾರ ಎತ್ತಿನ ಮೈ ತೊಳಿಯೂದು ನನ್ನ ಕೆಲಸ ಇತ್ತು," ಎಂದ. "ಮರತ ಬಿಟ್ಟಿದ್ನಿ ನೋಡು." ಆಮೇಲೆ ಅವ್ವನ ಕಡೆ ತಿರುಗಿದ. "ಬರೂ ಸೋಮವಾರ ಬಂದ್ ಇಟ್ಟ ನೋಡೋಣು. ಒಬ್ಬ ಪ್ರತಾಪ ಹೋದ್ರ ಹೋಗ್ಲಿ."

ಆ ಸೋಮವಾರ ಸಂಜೆ ಕೆರೆ ದಂಡೆಗೆ ಸೈಕಲ್ ಎಂದು ನಿಶ್ಚಯವಾಯಿತು. ವಾರವೆಲ್ಲ ಅಪ್ಪ ಬಂದವರಿಗೆಲ್ಲ ಬಾಯಿಬಿಟ್ಟು ಹೇಳಿದ. ಹೊಸ ಬೋರ್ಡನ್ನು ಅವನೇ ಬರೆದ, ಚಿತ್ರವನ್ನು ಮಾತ್ರ ಭಾಗ್ಯಶ್ರೀಗೆ ಬಿಟ್ಟ. ಈ ಸಲ ಎತ್ತು ಎತ್ತಿನ ಹಾಗೇ ಬಂತು.

ಸೋಮವಾರ ಶಾಲೆ ಬಿಟ್ಟದ್ದೇ ತಡ, ಭಾಗ್ಯಶ್ರೀ ಓಡಿದಳು. ಶಟರ್ ಇಳಿದಿತ್ತು. ಮನೆಯೊಳಗೆ ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ತಮ್ಮ ಗಡಿಯಾರ ಸದ್ದು ಮಾಡುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಪಡಸಾಲೆಯಲ್ಲಿ ಚಾಪೆಯ ಮೇಲೆ ಮೊಣಕಾಲು ಮಡಚಿ ಮಲಗಿದ್ದ. ಉಂಡವರು ಹಾಗೇ ಮಲಗಿಬಿಟ್ಟಿದ್ದಾರೆ, ನೀನು ಬಂದ ಕೂಡಲೇ ಎಬ್ಬಿಸು ಎಂದು ಹೇಳಿದ್ದಾರೆ ಎನ್ನುತ್ತ ಅವ್ವ ಅವನ ಭುಜಕ್ಕೆ ಕೈ ಚಾಚಿದಳು.

ಭಾಗ್ಯಶ್ರೀ ಅಪ್ಪನ ಪಕ್ಕ ಕೂತಳು. ಅವನ ಕಿವಿಯ ಮೇಲ್ಗಡೆ ಕೂದಲಲ್ಲಿ ಇನ್ನೂ ಸ್ವಲ್ಪ ಹಿಟ್ಟು ಉಳಿದಿತ್ತು. ಒರೆಸೋಣ ಎಂದು ಬೆರಳಿನಿಂದ ಮೆಲ್ಲಗೆ ಸವರಿದಳು. ಬೆರಳಿಗೆ ಏನೂ ಹತ್ತಲಿಲ್ಲ. ಮತ್ತೆ ಸವರಿದಳು. ಅದು ಹಿಟ್ಟಲ್ಲ, ಅಪ್ಪನ ಕೂದಲೇ ಬೆಳ್ಳಗಾಗಿತ್ತು. ಯಾವಾಗ ಆಯಿತೋ, ಹಿಟ್ಟಿನಲ್ಲಿ ಅವಳಿಗೆ ಕಂಡೇ ಇರಲಿಲ್ಲ.

ಅವಳು ಅವ್ವನ ಕೈ ಹಿಡಿದುಕೊಂಡಳು.

"ಎಬ್ಬಿಸಬ್ಯಾಡವ್ವಾ. ಇವತ್ತ ಸೋಮವಾರ."

ಅಪ್ಪನ ಮುಖದ ಮೇಲೆ ಬೀಳುತ್ತಿದ್ದ ಬಿಸಿಲಿಗೆ ಕಿಟಕಿಯ ಪರದೆ ಎಳೆದಳು. ಮೂಲೆಯಲ್ಲಿದ್ದ ಸೈಕಲ್ಲನ್ನು, ಬೆಲ್ ಸದ್ದಾಗದಂತೆ ಅಂಗೈಯಿಂದ ಮುಚ್ಚಿ ಹಿಡಿದು, ಮೆಲ್ಲಗೆ ಹೊರಗೆ ತಂದಳು. ಮೆಟ್ಟಿಲ ಮೇಲೆ ಕೂತು ಹಳೆ ಬಟ್ಟೆಯಿಂದ ಅದರ ಗಾಲಿ ಒರೆಸತೊಡಗಿದಳು.

ಓಣಿಯ ದೀಪ ಹತ್ತುವ ಹೊತ್ತಿಗೆ ಅಪ್ಪ ಕಣ್ಣುಜ್ಜಿಕೊಳ್ಳುತ್ತ ಗಡಬಡಿಸಿ ಹೊರಗೆ ಬಂದ. ಕತ್ತಲಾದದ್ದನ್ನು ನೋಡಿ ಅವನ ಮುಖ ಸಣ್ಣದಾಯಿತು.

"ಯಾಕ ಎಬ್ಬಿಸಲಿಲ್ಲ, ಯವ್ವಾ?"

"ಬರೂ ಸೋಮವಾರ, ಅಪ್ಪಾ," ಎಂದಳು ಭಾಗ್ಯಶ್ರೀ. "ಖರೇನ."

ಅವ್ವ ಚಹಾ ತಂದುಕೊಟ್ಟಳು. ಅಪ್ಪ ಮಗಳ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತು ಅದನ್ನು ನಿಧಾನವಾಗಿ ಕುಡಿದ.