ಮಹದೇವಮ್ಮ ತೆಗೆಯದ ಸಾಲ

"ಶನಿವಾರದೊಳಗೆ ಸಾಲ ಕಟ್ಟದಿದ್ರೆ ಕೆಲಸಕ್ಕೆ ಬರಬ್ಯಾಡ ಅಂತ ಸ್ಕೂಲ್ನಾಗೆ ಅಂದವ್ರೆ, ಸ್ವಾಮಿ. ಆ ದುಡ್ಡು ನನ್ನ ಕೈಗೇ ಬಂದಿಲ್ಲ."

ಅರಸೀಕೆರೆಯ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ, ಭಾಷ್ಯಂ ಅವರ ಜಗಲಿಯ ಮೇಲೆ ಕೂತು ಇಷ್ಟು ಹೇಳಿ ಮಹದೇವಮ್ಮ ಕೈಲಿದ್ದ ಕಾಗದಗಳನ್ನು ಮುಂದಿಟ್ಟಳು. ಅವಳು ಹಳೇಬೀಡಿನ ಶಾಲೆಯೊಂದರಲ್ಲಿ ಬಿಸಿಯೂಟ ಮಾಡುವವಳು. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಭಾಷ್ಯಂ ನೋಂದಣಿ ಕಚೇರಿಯ ನಿವೃತ್ತ ಗುಮಾಸ್ತರು. ಸುಳ್ಳು ಪತ್ರ ಪತ್ತೆಹಚ್ಚಲು ಪೊಲೀಸರೂ ಅವರ ಬಾಗಿಲಿಗೆ ಬರುತ್ತಿದ್ದರು.

ಆಗಸ್ಟಿನಲ್ಲಿ ಫೈನಾನ್ಸ್ ಕಂಪನಿಯ ವಸೂಲಿಗಾರ ಉಗ್ರಪ್ಪ ಬಂದು, ಮಾರ್ಚ್‌ನಲ್ಲಿ ಅವಳು ಎಂಬತ್ತು ಸಾವಿರ ಸಾಲ ತೆಗೆದಿದ್ದಾಳೆ ಎಂದಿದ್ದ. ಆಮೇಲೆ ದಿನವೂ ಶಾಲೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಮಕ್ಕಳೆದುರೇ ಕೂಗಾಡಿದ. ಅವಳು ಟೀಚರ್ ಕೈಲಿ ಬರೆಸಿ, ಈ ಸಾಲ ನನ್ನದಲ್ಲ, ದಾಖಲೆ ತೋರಿಸಿ ಎಂದು ಕಂಪನಿಗೆ ರಿಜಿಸ್ಟರ್ಡ್ ಅಂಚೆ ಕಳಿಸಿದಳು. ಇಪ್ಪತ್ತು ದಿನಕ್ಕೆ ದಾಖಲೆ ಬಂತು. ಮಾರ್ಚ್ ತಾರೀಖಿನ ಅರ್ಜಿ, ಅದರಲ್ಲಿ ಅವಳದೇ ಸಹಿ, ಜೊತೆಗೆ ಅವಳ ಆಧಾರಿನ ಜೆರಾಕ್ಸ್.

ಇದು ಮನೆಯವರದೇ ಕೆಲಸ ಎಂದಿತು ಬೀದಿ. ಮನೆಯಲ್ಲಿದ್ದವನು ಮೈದುನ ಇಂದ್ರೇಶ್ ಒಬ್ಬನೇ. ಸೋಮವಾರ ಅವಳೇ ಬೀದಿಯವರೆದುರು ಅವನನ್ನು ಕಳ್ಳ ಎಂದು ಬೈದು, ಅವನ ಬಟ್ಟೆಗಂಟನ್ನು ಹೊರಗಿಟ್ಟಿದ್ದಳು.

ಭಾಷ್ಯಂ ಕಾಗದಗಳನ್ನು ನಿಧಾನವಾಗಿ ತಿರುವಿದರು. "ಆಧಾರಿನಲ್ಲಿರೋ ಈ ವಿಳಾಸ ಯಾವುದಮ್ಮ?"

"ಈಗಿರೋ ಮನೇದು. ಜುಲೈನಾಗೆ ತಿದ್ದಿಸ್ದೆ."

"ಆಮೇಲೆ ಜೆರಾಕ್ಸ್ ಯಾರಿಗೆಲ್ಲ ಕೊಟ್ಟಿರಿ?"

"ಇಂದ್ರೇಶಂಗೆ ಸಿಮ್‌ಗೆ ಕೊಟ್ಟಿದ್ದು ಹಳೇದು. ಹೊಸದು ರೇಷನ್ ಅಂಗಡಿಗೊಂದು. ಸಾಲದ ಪಟ್ಟಿಯಿಂದ ಹೆಸರು ತೆಗೆಸ್ತೀನಿ ಅಂತ ಉಗ್ರಪ್ಪ ಒಂದು ಇಸ್ಕೊಂಡ. ಅವನು ಹೇಳ್ದ ಅಂತ ಅದರ ಮ್ಯಾಲೆ ಸಹಿ ಹಾಕ್ದೆ."

ಭಾಷ್ಯಂ ಎರಡು ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರು. "ದುಡ್ಡು ಕಟ್ಟಬೇಡಿ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಶನಿವಾರ ಬನ್ನಿ" ಎಂದರು.

ಶನಿವಾರದವರೆಗಿನ ಮೂರು ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಕೆರೆ ಏರಿಯ ಮೇಲೆ ನಡೆಯುವಾಗ ನೀರಿನ ಕಡೆ ನೋಡಲು ಭಯವಾಗುತ್ತಿತ್ತು.

ಶನಿವಾರ ಭಾಷ್ಯಂ ಎಲ್ಲರನ್ನೂ ಜಗಲಿಗೆ ಕರೆಸಿದ್ದರು. ಉಗ್ರಪ್ಪನಿದ್ದ. ಕಂಪನಿಯ ಶಾಖಾಧಿಕಾರಿ ಶರತ್ಚಂದ್ರ ಇದ್ದರು. ಮೂಲೆಯಲ್ಲಿ ತಲೆ ತಗ್ಗಿಸಿ ಇಂದ್ರೇಶ್ ಕೂತಿದ್ದ.

"ಮಾರ್ಚ್‌ನ ಅರ್ಜಿಗೆ ಜುಲೈನಲ್ಲಿ ತಿದ್ದಿಸಿದ ವಿಳಾಸದ ಆಧಾರ್ ಹೇಗೆ ಬಂತು?" ಎಂದರು ಭಾಷ್ಯಂ. "ಅಂದರೆ ಈ ಕಾಗದ ತೋರಿಸಿ ಯಾರೂ ಸಾಲ ಪಡೆದಿಲ್ಲ. ಇಂದ್ರೇಶನೂ ಪಡೆದಿಲ್ಲ. ದಾಖಲೆ ಕೇಳಿ ಈಕೆ ಪತ್ರ ಬರೆದ ಮೇಲೆ ಇದನ್ನು ಹುಟ್ಟಿಸಿದ್ದು. ಇನ್ನು ಸಹಿ. ಒಬ್ಬರೇ ಎರಡು ಸಲ ಹಾಕಿದರೂ ಕೂದಲೆಳೆಯಷ್ಟಾದರೂ ವ್ಯತ್ಯಾಸ ಇರುತ್ತೆ. ಅರ್ಜಿಯ ಸಹಿ, ಆಧಾರ್ ಮೇಲಿನ ಸಹಿ ಎರಡೂ ಒಂದೇ ಅಚ್ಚು. ಒಂದನ್ನಿಟ್ಟು ಇನ್ನೊಂದನ್ನು ತೀಡಿದ್ದಾರೆ. ಸಹಿ ಹಾಕಿದ ಹೊಸ ಜೆರಾಕ್ಸ್ ಇದ್ದದ್ದು ಒಬ್ಬರ ಹತ್ತಿರ ಮಾತ್ರ."

ಉಗ್ರಪ್ಪ ಎದ್ದು ನಿಂತ. "ನಂಗ್ಯಾಕೆ ಬೇಕಿತ್ತು ಇದು?"

"ಶರತ್ಚಂದ್ರ ಅವರೇ, ಮೊನ್ನೆ ನನಗೆ ಹೇಳಿದ್ದನ್ನು ಇಲ್ಲೂ ಹೇಳಿ. ನಿಮ್ಮ ಕಂಪ್ಯೂಟರಿನಲ್ಲಿ ಈ ಸಾಲ ಯಾವ ಊರಿನದು?"

"ಜಾವಗಲ್‌ನ ಮಹದೇವಮ್ಮ ಅಂತಿದೆ. ಹಳೇಬೀಡಿಗೆ ಮನೆ ಬದಲಾಯಿಸಿದ್ದಾರೆ ಅಂತ ಉಗ್ರಪ್ಪನೇ ಹೇಳಿದ್ದು. ಈ ಅರ್ಜಿ ತಂದುಕೊಟ್ಟಿದ್ದೂ ಅವನೇ."

"ಆ ಮಹದೇವಮ್ಮ ಜಾವಗಲ್‌ನಲ್ಲೇ ಇದ್ದಾರೆ. ನಿನ್ನೆ ಹೋಗಿ ಮಾತಾಡಿಸಿದೆ. ಸಾಲ ಪೂರ್ತಿ ಇವನ ಕೈಗೇ ಕಟ್ಟಿದ್ದಾರೆ, ಇವನು ಬರೆದುಕೊಟ್ಟ ಚೀಟಿಗಳಿವೆ. ಕಂಪನಿಗೆ ಒಂದು ರೂಪಾಯಿಯೂ ಮುಟ್ಟಿಲ್ಲ. ಆ ಹಣ ತುಂಬಿಸೋಕೆ ಅದೇ ಹೆಸರಿನ ಇನ್ನೊಬ್ಬರನ್ನು ಹುಡುಕಿದ."

ಉಗ್ರಪ್ಪ ಮತ್ತೆ ಕೂತ. ಶರತ್ಚಂದ್ರ ಪೊಲೀಸರಿಗೆ ಫೋನ್ ಮಾಡಿ, ಮಹದೇವಮ್ಮನಿಂದ ಕಂಪನಿಗೆ ಯಾವ ಬಾಕಿಯೂ ಇಲ್ಲ ಎಂದು ಶಾಲೆಗೆ ಪತ್ರ ಬರೆದು ಮೊಹರು ಒತ್ತಿದರು.

ಮಹದೇವಮ್ಮ ಪತ್ರವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ನೇರ ಇಂದ್ರೇಶನ ಮುಂದೆ ಹೋಗಿ ನಿಂತಳು.

"ಬೀದಿ ಜನರ ಮುಂದೆ ನಿನ್ನ ಕಳ್ಳ ಅಂದೆ. ಅವ್ರ ಮುಂದೇನೆ ತಪ್ಪಾಯ್ತು ಅಂತೀನಿ, ಬಾಪ್ಪ."

ಇಂದ್ರೇಶ್ ತಲೆ ಎತ್ತಿದ. "ಅವ್ರಿಗೆ ಹೇಳೋದು ಬ್ಯಾಡ, ಅತ್ತಿಗೆ," ಎಂದ. "ನೀವು ನಂಬಿದ್ರೆ ಸಾಕಿತ್ತು ನಂಗೆ."

ಮಹದೇವಮ್ಮನಿಗೆ ಅಷ್ಟು ದಿನ ತಡೆದುಕೊಂಡಿದ್ದ ಅಳು ಆಗ ಬಂತು.